ಮೇಕೆ ಬತ್ತಿತು ಅಂದೆ

ಮರಿ ಹೊಟ್ಟೆಯೊಳಗೆ ಅಡ್ಡ ತಿರುಗಿರಬಹುದಿತ್ತು. ಮುಂಗಾಲು ಬರುವ ಬದಲು ಬಾಲ ಮೊದಲು ಕಾಣಿಸಬಹುದಿತ್ತು. ಎರಡು ಮರಿಗಳಿದ್ದು, ಒಂದರ ಕಾಲು ಇನ್ನೊಂದರ ಕೊರಳಿಗೆ ಸಿಕ್ಕಿಕೊಂಡು, ಯಾವ ಕಾಲು ಯಾರದೆಂದು ತಿಳಿಯದೆ ನಾನು ತಪ್ಪು ಕಾಲು ಹಿಡಿದು ಎಳೆಯಬಹುದಿತ್ತು. ಮರಿಯ ಹಿಂದೆ ಬೀಳಬೇಕಾದ ಕಸ, ಅಂದರೆ ಮಾಸು, ಬೀಳದೆ ಒಳಗೇ ನಿಂತು ನಂಜಾಗಬಹುದಿತ್ತು. ಬಿದ್ದರೂ, ನಾನು ಆ ಕಡೆ ತಿರುಗಿದಾಗ ಮೇಕೆಯೇ ಅದನ್ನು ತಿಂದು ಹೊಟ್ಟೆ ಉಬ್ಬರಿಸಿಕೊಳ್ಳಬಹುದಿತ್ತು. ಕೆಚ್ಚಲು ಕಲ್ಲಿನಂತೆ ಗಟ್ಟಿಯಾಗಬಹುದಿತ್ತು. ತಾಯಿ ಮರಿಯನ್ನು ಮೂಸಿ ನೋಡಿ, ಇದು ನನ್ನದಲ್ಲ ಎಂದು ತಲೆಯಿಂದ ತಳ್ಳಬಹುದಿತ್ತು. ಪಶುವೈದ್ಯರು ಅದೇ ದಿನ ಚಳ್ಳಕೆರೆಗೆ ಯಾವುದೋ ಮದುವೆಗೆ ಹೋಗಿರಬಹುದಿತ್ತು. ಬೀದಿ ನಾಯಿಗಳು ವಾಸನೆ ಹಿಡಿದು ಹಿತ್ತಲಿನ ಗೋಡೆ ಹಾರಬಹುದಿತ್ತು. ಗುಡ್ಡದಿಂದ ಕರಡಿ ಇಳಿಯಬಹುದಿತ್ತು. ನಮ್ಮ ಬೀದಿಗೆ ಕರಡಿ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಬರಬೇಡ ಎಂದು ಕರಡಿಗೆ ಹೇಳಿದವರೂ ಯಾರೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ರಕ್ತ ನೋಡಿ ನನಗೇ ತಲೆ ತಿರುಗಿ ನಾನು ಮಗ್ಗದ ಗುಣಿಯೊಳಗೆ ಬೀಳಬಹುದಿತ್ತು. ಮೇಕೆ ತನ್ನ ಪಾಡಿಗೆ ಈದು, ಎದ್ದು, ಮರಿಗಳನ್ನು ಕರೆದುಕೊಂಡು ಹೋಗಿ, ನಾಲ್ಕನೆಯ ದಿನ ಯಾರಾದರೂ ನನ್ನನ್ನು ಹುಡುಕಿಕೊಂಡು ಬರಬಹುದಿತ್ತು. ನಮ್ಮ ಮನೆಗೆ ಬರುವವರ ಸಂಖ್ಯೆ ನೋಡಿದರೆ ನಾಲ್ಕು ದಿನ ಎನ್ನುವುದು ಕೂಡ ಸ್ವಲ್ಪ ಧಾರಾಳದ ಲೆಕ್ಕವೇ.

ಇಂಥವನ್ನೆಲ್ಲ ನಾನು ಸೀರೆಯ ಅಂಚಿನ ನಕ್ಷೆ ಬರೆಯುವ ಚೌಕುಳಿ ಹಾಳೆಯ ಹಿಂಬದಿಯಲ್ಲಿ ಬರೆದು, ಮಗ್ಗದ ಎದುರಿನ ಗೋಡೆಗೆ ಅಂಟಿಸಿದ್ದೆ. ಒಟ್ಟು ಹದಿನೇಳು. ಹದಿನೆಂಟನೆಯದು ನನಗೆ ಹೊಳೆಯಲಿಲ್ಲ.

ನಾನು ಮೊಳಕಾಲ್ಮೂರಿನಲ್ಲಿ ಕೈಮಗ್ಗದ ಮೇಲೆ ರೇಷ್ಮೆ ಸೀರೆ ನೇಯುವವನು. ಐವತ್ತಮೂರು ವರ್ಷ. ಮದುವೆಯಾಗಿಲ್ಲ. ಆಗಬಾರದೆಂದೇನೂ ಇರಲಿಲ್ಲ. ನಾಲ್ಕು ಕಡೆ ಹೆಣ್ಣು ನೋಡಿ ಬಂದೆ, ನಾಲ್ಕು ಕಡೆಯೂ ‘ಯೋಚನೆ ಮಾಡಿ ಹೇಳ್ತೀನಿ’ ಅಂದೆ. ನಾನು ಯೋಚನೆ ಮಾಡಿ ಮುಗಿಸುವಷ್ಟರಲ್ಲಿ ಆ ನಾಲ್ವರಿಗೂ ಮದುವೆಯಾಗಿ, ಅವರ ಮಕ್ಕಳು ಶಾಲೆಗೆ ಸೇರಿದ್ದರು. ಅಮ್ಮ ಇರುವವರೆಗೆ ಮನೆಯಲ್ಲಿ ಒಂದು ದನಿ ಇತ್ತು. ಅಮ್ಮ ಹೋದ ಮೇಲೆ ಮಗ್ಗದ ಸದ್ದು ಉಳಿಯಿತು. ಲಾಳಿ ಆ ಕಡೆ ಹೋಗುತ್ತದೆ, ಈ ಕಡೆ ಬರುತ್ತದೆ. ದಿನವಿಡೀ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತವನಿಗೆ ಬೀದಿಯಲ್ಲಿ ಓಡಾಡುವವರ ಮೊಣಕಾಲಷ್ಟೇ ಕಿಟಕಿಯಲ್ಲಿ ಕಾಣುತ್ತದೆ. ಊರಿನ ಅರ್ಧ ಜನರ ಪರಿಚಯ ನನಗೆ ಮೊಣಕಾಲಿನವರೆಗೆ ಮಾತ್ರ.

ಕೊಂಡ್ಲಹಳ್ಳಿಗೆ ಕೊಟ್ಟಿರುವ ನಮ್ಮ ಅಕ್ಕ ಒಂದು ದಿನ ಬಂದು ಈ ಮನೆಯ ಸದ್ದು ಕೇಳಿದಳು. ಅಥವಾ ಸದ್ದಿಲ್ಲದ್ದನ್ನು ಕೇಳಿದಳು. ನಾವು ಮನೆಯಲ್ಲಿ ಆಡುವುದು ತೆಲುಗು. ಆದರೆ ಆ ಹಳ್ಳಿಯಲ್ಲಿ ಮೂವತ್ತು ವರ್ಷ ಬಾಳುವೆ ಮಾಡಿದ ಅಕ್ಕನ ಬಾಯಲ್ಲಿ ಈಗ ಕನ್ನಡದ ಮೊದಲಿಗೊಂದು ತೆಲುಗಿನ ‘ಏಮ್ರಾ’, ಕೊನೆಗೊಂದು ‘ರಾ’ ಅಷ್ಟೇ ಉಳಿದಿದೆ.

“ಏಮ್ರಾ, ಇಲ್ಲಿ ಉಸಿರಾಡಕ್ಕೂ ಭಯ ಆಗ್ತೈತೆ. ಒಂದು ಜೀವ ಕಳಿಸ್ತೀನಿ, ಸಾಕು.”

ನಾಯಿಯೋ ಬೆಕ್ಕೋ ಎಂದುಕೊಂಡು ಎರಡಕ್ಕೂ ಬೇಕಾದ ಹೆದರಿಕೆ ಪಟ್ಟು ಮುಗಿಸಿದ್ದೆ. ಮುಂದಿನ ವಾರ ಲಗೇಜ್ ಆಟೋದಲ್ಲಿ ಬಂದದ್ದು ಗಬ್ಬದ ಮೇಕೆ. ಕಪ್ಪು ಮೈ, ಒಂದು ಕಿವಿಯ ತುದಿ ಮಾತ್ರ ಸುಣ್ಣಕ್ಕೆ ಅದ್ದಿದಂತೆ ಬಿಳಿ. ಬಂದ ದಿನವೇ ಅದು ಲಾಳಿಗೆ ಹಾಕುವ ನನ್ನ ಕಂಡಿಕೆಗಳ ಬುಟ್ಟಿಗೆ ಮೂತಿ ಹಾಕಿ, ಸುತ್ತಿಟ್ಟ ಹಸಿರು ರೇಷ್ಮೆ ನೂಲಿನ ರುಚಿ ನೋಡಿತು. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಒಂದು ಹೆಣ್ಣು ಮರಿ ಹಾಕಿತು. ಆಗ ಅಕ್ಕ ಬಂದು ಪಕ್ಕದಲ್ಲೇ ಕೂತಿದ್ದಳು, ಹಾಗಾಗಿ ನಾನು ಹೆದರುವ ಕೆಲಸವನ್ನು ಅವಳ ಹಿಂದೆ ನಿಂತು ನಿಶ್ಚಿಂತೆಯಿಂದ ಮಾಡಿದೆ. ಹಾಲು ಕರೆಯುವುದನ್ನು ಕಲಿಸಿದಳು. ಹೆಬ್ಬೆರಳಿನಿಂದ ಮೇಲೆ ಹಿಡಿ, ಆಮೇಲೆ ಒಂದೊಂದೇ ಬೆರಳು ಮುಚ್ಚು, ಜಗ್ಗಬೇಡ. ಮೂವತ್ತೈದು ವರ್ಷ ರೇಷ್ಮೆ ಎಳೆ ಹಿಡಿದ ಬೆರಳುಗಳು ಇದೊಂದನ್ನು ಬೇಗ ಕಲಿತವು.

ಹಾಲು ದಿನಕ್ಕೆ ಮುಕ್ಕಾಲು ಲೀಟರ್ ಬರುತ್ತಿತ್ತು. ಒಬ್ಬನೇ ಎಷ್ಟು ಕುಡಿಯಲಿ? ಮೊಸರು ಮಾಡಿದೆ, ಮಜ್ಜಿಗೆ ಮಾಡಿದೆ. ಮಾರುವ ಹಾಗಿಲ್ಲ, ಮನೆಯಲ್ಲಿ ಕರೆದ ಹಾಲು ಮಾರಬಾರದು ಎನ್ನುವುದು ಅಮ್ಮನ ಕಟ್ಟಳೆ. ಬೇಕೆಂದವರಿಗೆ ಕೊಡಬೇಕು, ಅವರು ಪಾತ್ರೆಯನ್ನು ಬರಿದಾಗಿ ತರಬಾರದು. ಒಂದು ನಿಂಬೆಹಣ್ಣೋ, ಒಂದು ಹಿಡಿ ಸೊಪ್ಪೋ, ಏನಾದರೂ ಒಳಗಿರಬೇಕು. ಕೊಟ್ಟವರೂ ಬರಿದಾಗಿ ಹಿಂದಿರುಗಿಸಬಾರದು. ಹಾಗೆ ಪಾತ್ರೆ ಆ ಕಡೆ ಈ ಕಡೆ ಓಡಾಡುತ್ತಿದ್ದರೆ ಎರಡು ಮನೆಗಳ ನಡುವೆ ಏನೋ ನೇಯುತ್ತಿರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಆದರೆ ಹಾಲು ಬೇಕೆಂದವರು ಯಾರೂ ಬರಲಿಲ್ಲ.

ದಸರಾ ಮುಗಿದ ವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಬಿಳಿ ಗಡ್ಡ, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಹೋಗದ ಗ್ರೀಸಿನ ಕಪ್ಪು, ಕೈಯಲ್ಲಿ ಹಿಡಿಕೆ ಇರುವ ಪುಟ್ಟ ಸ್ಟೀಲ್ ಕ್ಯಾನು. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಮೇಸ್ತ್ರಿ. ಈಗ ಗ್ಯಾರೇಜು ಮಗನ ಕೈಯಲ್ಲಿದೆ, ಇವರು ಬರೀ ಸಲಹೆ ಕೊಡುತ್ತಾರೆ, ಅದನ್ನು ಮಗ ಕೇಳುವುದಿಲ್ಲ. ಇದು ಅವರೇ ಆಮೇಲೆ ಹೇಳಿದ್ದು.

“ಮೇಕೆ ಹಾಲು ಐತಂತೆ ನಿಮ್ಮನೇಲಿ?”

“ಐತೆ.”

“ಮೊಮ್ಮಗಳಿಗೆ ಬೇಕಿತ್ತು. ಹತ್ತು ತಿಂಗ್ಳು ಮಗು. ಪಾಕೆಟ್ ಹಾಲು ಕುಡಿಸಿದ್ರೆ ಹೊಟ್ಟೆ ಉಬ್ಬಿ ವಾಂತಿ ಮಾಡ್ಕೊಳ್ತಾಳೆ. ಡಾಕ್ಟ್ರು, ಚೆನ್ನಾಗಿ ಕಾಯಿಸಿ ಮೇಕೆದು ಕೊಟ್ಟು ನೋಡ್ರಿ ಅಂದ್ರು. ಲೀಟ್ರಿಗೆ ಹೆಂಗೆ?”

“ನಮ್ಮನೇಲಿ ಹಾಲು ಮಾರಲ್ರೀ.”

ಅವರು ತಲೆಯಾಡಿಸಿ ತಿರುಗಿದರು. ಬೀದಿಯವರೆಗೆ ಹೋಗಿಬಿಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು, ಮುಂದಿನ ಮಾತು ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದೆ.

“ಮೇಸ್ತ್ರೀ, ಮಾರಲ್ಲ ಅಂದೆ. ಕೊಡಲ್ಲ ಅನ್ಲಿಲ್ಲ.”

ಅವರು ನಿಂತು ನನ್ನನ್ನು ನೋಡಿದರು. “ಅರೆ, ಅದನ್ನ ಮೊದ್ಲು ಹೇಳಬೇಕಲ್ರೀ ಸ್ವಾಮಿ. ಅರ್ಧ ಮಾತು ಹೇಳಿ ಬಾಗಿಲಲ್ಲಿ ನಿಂತ್ಕೊಂಡ್ರೆ ಹೆಂಗೆ? ಗಾಡಿ ಸ್ಟಾರ್ಟ್ ಮಾಡಿ ಗೇರ್ ಹಾಕ್ದೇ ಇದ್ದಂಗೆ.”

ಆ ಮಾತನ್ನು ನಾನು ಅಲ್ಲೇ ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕಿತ್ತು.

ಮಗುವಿಗೆ ಹಾಲು ಒಗ್ಗಿತು. ಮೇಸ್ತ್ರಿ ದಿನಾ ಏಳಕ್ಕೆ ಬರತೊಡಗಿದರು. ಕಟ್ಟಳೆ ತಿಳಿಸಿದ ಮೇಲೆ ಕ್ಯಾನು ಒಂದು ದಿನವೂ ಬರಿದಾಗಿ ಬರಲಿಲ್ಲ. ಎರಡು ನಿಂಬೆಹಣ್ಣು, ಒಂದು ಕಟ್ಟು ಕೊತ್ತಂಬರಿ, ಒಮ್ಮೆ ಅರ್ಧ ಡಜನ್ ಹೊಸ ನಟ್ಟು ಬೋಲ್ಟು. “ಮನೇಲಿ ಬೇರೇನೂ ಸಿಗ್ಲಿಲ್ಲ, ಖಾಲಿ ತರಬಾರ್ದಲ್ಲ,” ಅಂದರು. ನಾನು ಕರೆಯುವಾಗ ಅವರು ಜಗುಲಿ ಕಟ್ಟೆಯ ಮೇಲೆ ಕೂತು ಮೇಕೆಯನ್ನೂ ನನ್ನನ್ನೂ ಸರಿಸಮವಾಗಿ ಹಂಗಿಸುತ್ತಿದ್ದರು. ಮರಿ ಕದ್ದು ಕುಡಿಯದ ಹಾಗೆ ನಾನು ಕೆಚ್ಚಲಿಗೆ ಒಂದು ಚೀಲ ಹೊಲಿದು ಕಟ್ಟಿದ್ದೆ. ಮನೆಯಲ್ಲಿ ಇದ್ದ ಬಟ್ಟೆಯೆಂದರೆ ಬಣ್ಣ ಕೆಟ್ಟು ಉಳಿದ ಸೆರಗಿನ ತುಂಡು. ಅದಕ್ಕೆ ಜರಿಯ ಅಂಚೂ ಇತ್ತು.

“ಇದೇನ್ರೀ, ಮೇಕೆಗೆ ರೇಷ್ಮೆ ಚಡ್ಡಿ?”

“ಚಡ್ಡಿ ಅಲ್ಲ, ಕೆಚ್ಚಲ ಚೀಲ.”

“ನಮ್ಮ ಮನೆಯಾಕೆಗೆ ನಿಕಾದಾಗ ಇಷ್ಟು ಅಗಲದ ಜರಿ ಇರ್ಲಿಲ್ಲ. ಹೇಳಬ್ಯಾಡ್ರಿ ಅವಳಿಗೆ, ನನಗೆ ಬೀಳ್ತೈತೆ.”

ಇನ್ನೊಂದು ದಿನ, ನಾನು ಮಗ್ಗದಿಂದ ಇನ್ನೂ ಎದ್ದಿರಲಿಲ್ಲ, ಅವರು ಹೊರಗಿನಿಂದಲೇ ಕಿವಿಗೊಟ್ಟು ಕೇಳಿ ಹೇಳಿದರು:

“ನಿಮ್ಮ ಗಾಡಿ ಮಿಸ್ ಹೊಡೀತೈತೆ.”

“ಯಾವ ಗಾಡಿ?”

“ಇದೇ, ನೀವು ಕೂತಿರೋದು. ನಾಲ್ಕು ಏಟು ಸರಿಯಾಗಿ ಬೀಳ್ತೈತೆ, ಐದನೇದು ಲೂಸು.”

ಒಳಗೆ ಬಂದು, ಎಳೆಗಳನ್ನು ಬಡಿದು ಕೂರಿಸುವ ಹಣಿಗೆಯ ಹಲಗೆ ತೂಗುವ ಮರದ ಕಂಬದ ಕೆಳಗೆ ಕೈ ಹಾಕಿ ತಡವಿ, ಜೇಬಿನಿಂದ ಒಂದು ವಾಷರ್ ತೆಗೆದು ಬೋಲ್ಟಿಗೆ ಕೂರಿಸಿ ಬಿಗಿದರು. ನನ್ನ ಅಪ್ಪನ ಕಾಲದಿಂದ ಹಾಗೇ ಬಡಿಯುತ್ತಿದ್ದ ಮಗ್ಗ ಅದು. ಐದನೆಯ ಏಟು ಸರಿಯಾಗಿ ಬಿದ್ದಾಗ ನನಗೆ ಮನೆಗೆ ಯಾರೋ ಹೊಸಬರು ಬಂದಂತೆ ಅನಿಸಿತು.

ಒಟ್ಟು ಕಾಲು ಗಂಟೆ. ಆಮೇಲೆ ಅವರು ಹೊರಡುತ್ತಿದ್ದರು. ಮರುದಿನ ಏಳರವರೆಗೆ ನನ್ನ ಬಾಯಿಗೆ ಬೇರೆ ಕೆಲಸ ಇರುತ್ತಿರಲಿಲ್ಲ. ಸೀರೆ ನೇಯಿಸಿಕೊಳ್ಳುವ ಯಜಮಾನರ ಮನೆಯಿಂದ ನೂಲು ಕೊಡಲು ಬರುವ ಮನುಷ್ಯ ತಿಂಗಳಿಗೆ ಎರಡು ಸಲ ಬರುತ್ತಾನೆ, ಅವನು ಫೋನಿನಲ್ಲಿ ಬೇರೆಯವರ ಜೊತೆ ಮಾತಾಡುತ್ತಲೇ ನೂಲು ಇಟ್ಟು ಹೋಗುತ್ತಾನೆ. ಅದಕ್ಕೇ ಹೇಳಿದೆ, ಕಾಲು ಗಂಟೆ. ಅದು ನಿಂತಿದ್ದುದು ಆ ಮೇಕೆಯ ಎರಡು ಮೊಲೆಗಳ ಮೇಲೆ. ಹಾಲು ನಿಂತರೆ ಮೇಸ್ತ್ರಿ ಬರುವುದಕ್ಕೆ ಕಾರಣವಿಲ್ಲ. ಕಾರಣವಿಲ್ಲದೆ ಸುಮ್ಮನೆ ಬನ್ನಿ, ಕೂತು ಮಾತಾಡೋಣ ಎಂದು ಇನ್ನೊಬ್ಬ ಗಂಡಸನ್ನು ಕರೆಯುವ ವಿದ್ಯೆ ನನಗೆ ಗೊತ್ತಿಲ್ಲ. ಬೇರೆಯವರು ಹೇಗೆ ಕರೆಯುತ್ತಾರೋ.

ದೀಪಾವಳಿಗೆ ಅಕ್ಕ ಮಧ್ಯಾಹ್ನ ಬಂದು, ಮೊದಲ ಮರಿ ಮೇಕೆ ಕೊಟ್ಟವರ ಮನೆಗೆ ಸೇರಬೇಕೆಂಬ ವಾಡಿಕೆಯಂತೆ ಸಂಜೆಗೇ ಮರಿಯನ್ನು ಕರೆದೊಯ್ದಳು. ಸಂಕ್ರಾಂತಿಯ ಹೊತ್ತಿಗೆ ಮೇಕೆ ಬಾಲ ಅಲ್ಲಾಡಿಸುತ್ತ ಒಂದೇ ಸಮ ಅರಚತೊಡಗಿತು. ನಾನು ರೋಗವೆಂದುಕೊಂಡು ಅಕ್ಕನಿಗೆ ಫೋನು ಮಾಡಿದೆ.

“ರೋಗ ಅಲ್ಲರಾ. ಅದು ನಿನ್ನಂಗೆ ಯೋಚ್ನೆ ಮಾಡ್ಕೊಂಡು ಕೂರೋ ಜಾತಿ ಅಲ್ಲ. ಹೋತನ ಹತ್ರ ಕರ್ಕೊಂಡು ಹೋಗು.”

ಬಿ.ಜಿ. ಕೆರೆಯಲ್ಲಿ ಅಕ್ಕನ ಪರಿಚಯದವರ ಬಳಿ ಒಳ್ಳೆಯ ಹೋತ ಇತ್ತು. ಲಗೇಜ್ ಆಟೋದಲ್ಲಿ ಮೇಕೆಯ ಪಕ್ಕ ನಾನೂ ಕೂತು ಹೋಗಿಬಂದೆ. ಹೋತದ ವಾಸನೆ ನನ್ನ ಅಂಗಿಯಲ್ಲಿ ಎರಡು ದಿನ ಇತ್ತು, ಮರುದಿನ ಮೇಸ್ತ್ರಿ ಮೂಗು ಮುಚ್ಚಿಕೊಂಡು, “ಏನ್ ಸ್ವಾಮಿ, ಹೊಸಾ ಸೆಂಟು?” ಅಂದರು. ನಾನು ನಕ್ಕು ಸುಮ್ಮನಾದೆ. ತಿಂಗಳಾದರೂ ಮೇಕೆ ಮತ್ತೆ ಅರಚಲಿಲ್ಲ. ಅಕ್ಕ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವಂತೆ.

“ಗಬ್ಬ ನಿಂತೈತೆ. ಈಯೋವರೆಗೂ ಯಾರ ಹತ್ರನೂ ಬಾಯಿ ಬಿಡಬ್ಯಾಡ. ದಿಷ್ಟಿ ಆಗ್ತೈತೆ. ನಮ್ಮ ಪಕ್ಕದ ಮನೇದು ಹಂಗೇ ಆಯ್ತು. ಎಷ್ಟು ಹೊಟ್ಟೆ, ಎರಡು ಮರಿ ಇರಬೇಕು ಅಂದ್ಲು ಒಬ್ಳು, ಎಂಟು ದಿನಕ್ಕೆ, ತಿಂಗ್ಳು ತುಂಬದೇನೇ ಕಂದು ಹಾಕ್ತು. ಹಾಲು ಕಮ್ಮಿ ಆಗ್ತೈತೆ, ಯಾರಾದ್ರೂ ಕೇಳಿದ್ರೆ ಬತ್ತಿತು ಅನ್ನು. ಅಷ್ಟೇ ಅನ್ನು.”

ನನಗೆ ದೃಷ್ಟಿಯಲ್ಲಿ ನಂಬಿಕೆ ಇಲ್ಲ. ಆದರೆ ನಂಬಿಕೆ ಇಲ್ಲದಿರುವುದರಲ್ಲೂ ನನಗೆ ಅಷ್ಟೊಂದು ನಂಬಿಕೆ ಇಲ್ಲ. ಮೇಸ್ತ್ರಿಯ ಬಗ್ಗೆ ಅಕ್ಕನಿಗೆ ನಾನು ಹೇಳಿರಲಿಲ್ಲ. ಹೇಳಿದರೆ ಯಾರು ಅನ್ನುತ್ತಾಳೆ, ಯಾಕೆ ಅನ್ನುತ್ತಾಳೆ, ದಿನಾ ಬರ್ತಾರಾ ಅನ್ನುತ್ತಾಳೆ. ಅಷ್ಟೊಂದು ಪ್ರಶ್ನೆಗೆ ಸಿಕ್ಕಿ ಆ ಕಾಲು ಗಂಟೆ ಸವೆದುಹೋಗುತ್ತದೆಂದು ಹೆದರಿಕೆ. ಈಗ ಅಕ್ಕನಿಂದ ಅವರನ್ನು ಮುಚ್ಚಿಟ್ಟಂತೆ ಅವರಿಂದ ಮೇಕೆಯ ಗಬ್ಬವನ್ನೂ ಮುಚ್ಚಿಟ್ಟೆ. ಅವರು ಹಾಲಿನ ಮೇಕೆ ಸಾಕಿದವರಲ್ಲ. “ನಮಗೆ ಗೊತ್ತಿರೋದು ಹೋತ ಒಂದೇ, ಅದೂ ಬಕ್ರೀದಿಗೆ ಹದಿನೈದು ದಿನ ಮುಂಚೆ,” ಎಂದು ಅವರೇ ನಗುತ್ತಿದ್ದರು. ಹೊಟ್ಟೆ ನೋಡಿ ತಿಳಿಯುವ ಭಯ ಇರಲಿಲ್ಲ.

ಹಾಲು ಇಳಿಯುತ್ತ ಬಂತು. ರಂಜಾನ್ ಉಪವಾಸದ ತಿಂಗಳಲ್ಲೂ ಮೇಸ್ತ್ರಿ ಏಳಕ್ಕೆ ಸರಿಯಾಗಿ ಬರುತ್ತಿದ್ದರು. ಕ್ಯಾನಿನಲ್ಲಿ ನನಗೆ ನಾಲ್ಕು ಖರ್ಜೂರ, ಅವರಿಗೆ ಒಂದು ಗುಟುಕು ನೀರೂ ಇಲ್ಲ. ಆಗಲೇ ಹಾಲು ಅರ್ಧ ಲೋಟಕ್ಕೆ ಬಂದಿತ್ತು. ಹಬ್ಬದ ಮರುದಿನ ಕ್ಯಾನಿನ ತುಂಬ ಶ್ಯಾವಿಗೆಯ ಸುರ್ಕುಂಬಾ ತಂದರು, ಮೇಲೆ ತೇಲುವ ಬಾದಾಮಿ. ಅದನ್ನು ನನ್ನ ಪಾತ್ರೆಗೆ ಸುರಿದುಕೊಂಡೆ. ವಾಪಸು ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಆ ದಿನ ಬೆಳಿಗ್ಗೆ ಮೊಲೆ ಹಿಂಡಿದರೆ ಎರಡು ಹನಿ ಬಂದಿತ್ತು.

“ಬತ್ತಿತು ಮೇಸ್ತ್ರಿ,” ಅಂದೆ.

“ಪೂರಾ?”

“ಪೂರಾ.”

“ಮತ್ತೆ ಯಾವಾಗ?”

ಇಲ್ಲಿ ಹೇಳಬೇಕಿತ್ತು. ಎರಡೂವರೆ ತಿಂಗಳು ತಡೆಯಿರಿ, ಈಯುತ್ತೆ, ಮಗುವಿಗೆ ಮತ್ತೆ ಹಾಲು ಸಿಗುತ್ತೆ. ಪಕ್ಕದಲ್ಲೇ ಮೇಕೆ ನಿಂತು ನನ್ನನ್ನು ನೋಡುತ್ತಿತ್ತು. ಕಂದು ಹಾಕ್ತು ಎಂದ ಅಕ್ಕನ ದನಿ ಕಿವಿಯಲ್ಲಿತ್ತು.

“ಅದೆಲ್ಲ ಹೇಳಕ್ಕಾಗಲ್ಲ,” ಅಂದೆ.

ಮೇಸ್ತ್ರಿ ಮೇಕೆಯ ಬೆನ್ನು ತಟ್ಟಿದರು. “ಇರ್ಲಿ. ಆರು ತಿಂಗ್ಳು ಕೊಟ್ಟೀರಿ, ಅದೇ ದೊಡ್ಡದು,” ಎಂದರು. ಕ್ಯಾನು ಬರಿದಾಗಿ ಕೊಡುವುದು ಹೇಗೆಂದು ನಾನು ಅಡುಗೆಮನೆಯಲ್ಲಿ ಹುಡುಕಾಡಿದೆ; ಅರ್ಧ ಈರುಳ್ಳಿ ಸಿಕ್ಕಿತು. “ಅಲ್ಲೇ ಇರ್ಲಿ ಬಿಡ್ರಿ ಕ್ಯಾನು, ಯಾವತ್ತಾದ್ರೂ ತಗೊಂಡ್ರಾಯ್ತು,” ಎಂದು ಹೊರಟರು. ನನಗೆ ಒಳಗೊಳಗೇ ಸಮಾಧಾನವಾಯಿತು. ಕ್ಯಾನು ಇಲ್ಲಿದ್ದರೆ ಅದಕ್ಕಾದರೂ ಬರಬೇಕಲ್ಲ.

ಬರಲಿಲ್ಲ. ಕ್ಯಾನನ್ನು ತೊಳೆದು ಕಿಟಕಿಯ ಗೂಡಿನಲ್ಲಿಟ್ಟಿದ್ದೆ. ಏಳು ಗಂಟೆಗೆ ಮಗ್ಗ ತಾನೇ ನಿಲ್ಲುತ್ತಿತ್ತು, ಅಂದರೆ ನಾನೇ ನಿಲ್ಲಿಸುತ್ತಿದ್ದೆ, ಕೇಳಿದವರಿಗೆ ಮಗ್ಗದ ಮೇಲೆ ಹಾಕಬಹುದೆಂದು; ಕೇಳುವವರೂ ಇರಲಿಲ್ಲ. ಕಿಟಕಿಯಲ್ಲಿ ಹಾದುಹೋಗುವ ಮೊಣಕಾಲುಗಳಲ್ಲಿ ಬಿಳಿ ಪೈಜಾಮ ಕಂಡರೆ ಗುಣಿಯಿಂದ ಅರ್ಧ ಏಳುತ್ತಿದ್ದೆ. ಅದು ಯಾವಾಗಲೂ ಬೇರೆ ಯಾರದೋ ಮೊಣಕಾಲು. ಮೇಕೆಯ ಹೊಟ್ಟೆ ದಪ್ಪವಾಗುತ್ತಿತ್ತು. ಬೀದಿಗೆ ಕಾಣಬಾರದೆಂದು ಹಿತ್ತಲಿನಲ್ಲಿ ಕಟ್ಟಿದೆ. ಹೊರಗೆ ಬಿಡಬೇಕಾದಾಗ ಮೇಲೊಂದು ಕಂಬಳಿ ಹೊದಿಸಿದೆ. ಬೇಸಿಗೆಯಲ್ಲಿ ಮೇಕೆಗೆ ಕಂಬಳಿ ಹೊದಿಸಿದವನ ತಲೆ ಸರಿಯಿಲ್ಲವೆಂದು ಬೀದಿಯವರು ತೀರ್ಮಾನಿಸಿರಬೇಕು. ದೃಷ್ಟಿ ಮೇಕೆಗೆ ಬೀಳುವ ಬದಲು ನನಗೆ ಬಿತ್ತು, ಅದು ಒಳ್ಳೆಯದೇ. ಸುಖವಾಗಿ ಈದರೆ ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ ಬರುತ್ತೇನೆಂದು ಹರಕೆ ಹೊತ್ತೆ. ಆಮೇಲೆ ಮಂಡಿನೋವು ನೆನಪಾಗಿ, ‘ಆದಷ್ಟು ಮೆಟ್ಟಿಲು’ ಎಂದು ತಿದ್ದಿಕೊಂಡೆ.

ಒಂದೇ ಒಂದು ಸಲ ಅವರು ಸಿಕ್ಕಿದರು, ತರಕಾರಿ ಸಂತೆಯಲ್ಲಿ, ಮೆಣಸಿನಕಾಯಿ ಆರಿಸುತ್ತ.

“ಏನ್ ಸ್ವಾಮಿ, ಮೇಕೆ ಹೆಂಗೈತೆ?”

“ಐತೆ. ಸುಮ್ನೆ ಐತೆ.” ಆಗ ಹೊಟ್ಟೆಯೊಳಗೆ ಮರಿ ಒದೆಯುವುದು ಕೈಯಿಟ್ಟರೆ ತಿಳಿಯುತ್ತಿತ್ತು. “ಮಗು?”

“ಓಡಾಡ್ತಾಳೆ. ಏನು ಕೈಗೆ ಸಿಕ್ರೂ ಬಿಚ್ಚಾಕ್ತಾಳೆ. ನನ್ನ ಕೆಲಸ ಅವಳೇ ಕಲೀತಾಳೆ, ಅವಳಪ್ಪ ಕಲೀಲಿಲ್ಲ.”

“ಕ್ಯಾನು ನಮ್ಮನೇಲೇ ಐತೆ.”

“ಇರ್ಲಿ ಇರ್ಲಿ.”

ಹಿಂದೆ ನಿಂತಿದ್ದವಳು ದಾರಿ ಬಿಡಿ ಎಂದಳು. ಅವರು ಆ ಕಡೆ ಹೋದರು, ನಾನು ಬೇಡದ ಒಂದು ಕೆಜಿ ಮೆಣಸಿನಕಾಯಿ ಕಟ್ಟಿಸಿಕೊಂಡು ಈ ಕಡೆ ಬಂದೆ.

ಈಯುವ ದಿನ ಬಂದದ್ದು ಜೂನ್ ತಿಂಗಳ ಒಂದು ಮಟಮಟ ಮಧ್ಯಾಹ್ನ. ಬೆಳಿಗ್ಗೆಯಿಂದ ಮೇಕೆ ಸೊಪ್ಪು ಮುಟ್ಟಿರಲಿಲ್ಲ, ಮುಂಗಾಲಿನಲ್ಲಿ ನೆಲ ಕೆರೆಯುತ್ತಿತ್ತು. ಅಕ್ಕನಿಗೆ ಫೋನು ಮಾಡಿದರೆ ಹೊಲದಲ್ಲಿದ್ದಳು, ಸಿಗಲಿಲ್ಲ. ಮೊಬೈಲಿನಲ್ಲಿ ಮೇಕೆಯ ಹೆರಿಗೆಯ ವಿಡಿಯೋಗಳನ್ನು ನಾನು ತಿಂಗಳಿಂದ ನೋಡಿದ್ದೆ. ಅದರಲ್ಲಿ ಸುಸೂತ್ರವಾದವನ್ನು ಬಿಟ್ಟು, ಕೆಟ್ಟವನ್ನೇ ಆರಿಸಿ ಎರಡೆರಡು ಸಲ ನೋಡಿದ್ದ ಕಾರಣ ನನ್ನ ತಿಳಿವಳಿಕೆ ಒಂದೇ ಕಡೆಗೆ ಬೆಳೆದಿತ್ತು. ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕೆಂದು ಹೇಳಿದ್ದರು. ತೊಳೆದೆ. ತೊಳೆದ ಕೈಯಲ್ಲಿ ಬಾಗಿಲು ಮುಟ್ಟಿದೆನೆಂದು ವಾಪಸು ಹೋಗಿ ಮತ್ತೆ ತೊಳೆದೆ. ಎರಡನೆಯ ಸಲ ಹಿತ್ತಲಿಗೆ ಬಂದಾಗ ಗೋಣಿಯ ಮೇಲೆ ಒಂದು ಮರಿ ಬಿದ್ದಿತ್ತು, ತಾಯಿ ಅದರ ಮೂಗು ನೆಕ್ಕುತ್ತಿತ್ತು. ನಾನು ಗೋಡೆಯ ಹಾಳೆಯನ್ನು ಕಿತ್ತುತಂದು, ಮುಂದೇನು ನೋಡಬೇಕೆಂದು ಓದುತ್ತಿರುವಾಗಲೇ ಎರಡನೆಯದೂ ಬಂತು. ಎರಡೂ ಹೆಣ್ಣು. ಒಂದರ ಕಿವಿ ತುದಿಗೆ ಅದೇ ಸುಣ್ಣ. ಹೊಕ್ಕುಳಿಗೆ ಟಿಂಚರ್ ಹಚ್ಚಿದೆ. ಸಂಜೆಯೊಳಗೆ ಕಸ ಬಿತ್ತು. ನಾನು ಎವೆಯಿಕ್ಕದೆ ಕಾವಲು ಕೂತು, ಬಿದ್ದ ಕೂಡಲೇ ಎತ್ತಿ ಬೇವಿನ ಬುಡದಲ್ಲಿ ಹೂತೆ. ತಲೆ ತಿರುಗಲಿಲ್ಲ. ಕರಡಿ ಬರಲಿಲ್ಲ. ಹದಿನೇಳನ್ನೂ ಒಂದೊಂದಾಗಿ ಹೊಡೆದು ಹಾಕುವಾಗ, ನಿಜ ಹೇಳಬೇಕೆಂದರೆ, ಸ್ವಲ್ಪ ಪೆಚ್ಚೆನಿಸಿತು. ಇಷ್ಟು ಸಿದ್ಧವಾಗಿದ್ದವನನ್ನು ಯಾರೂ ಕೇಳಲೇ ಇಲ್ಲ.

ಅಕ್ಕನ ಮಾತಿನಂತೆ ಹತ್ತು ದಿನ ಹಾಲು ಹೊರಗೆ ಕೊಡಲಿಲ್ಲ. ಗಿಣ್ಣು ಕಾಯಿಸಿ ಬೆಲ್ಲ ಹಾಕಿ ಒಬ್ಬನೇ ತಿಂದೆ. ಹನ್ನೊಂದನೆಯ ದಿನ ಬೆಳಿಗ್ಗೆ ಕರೆದ ಹಾಲನ್ನು ಗೂಡಿನಲ್ಲಿದ್ದ ಕ್ಯಾನಿಗೆ ತುಂಬಿ, ಒಗೆದ ಅಂಗಿ ಹಾಕಿಕೊಂಡು ಮೇಸ್ತ್ರಿಯ ಮನೆಗೆ ಹೊರಟೆ. ಆರು ತಿಂಗಳು ಅವರು ಬಂದಿದ್ದರು, ನಾನು ಒಮ್ಮೆಯೂ ಹೋಗಿರಲಿಲ್ಲ. ಇದು ದಾರಿಯಲ್ಲಿ ಹೊಳೆಯಿತು.

ಬಾಗಿಲು ತೆರೆದವರು ಮೇಸ್ತ್ರಿಯೇ. ನನ್ನನ್ನು ನೋಡಿ, ಕ್ಯಾನು ನೋಡಿ, “ಅಯ್ಯೋ, ಕ್ಯಾನು ಕೊಡಕ್ಕೆ ಇಲ್ಲೀವರೆಗೂ ಬಂದ್ರಾ?” ಅಂದರು.

“ಖಾಲಿ ಇಲ್ಲ.”

ಮುಚ್ಚಳ ತೆಗೆದು ನೋಡಿದರು. ನೊರೆ ಇನ್ನೂ ಇತ್ತು.

“ಬತ್ತಿತು ಅಂದ್ರಲ್ಲ?”

“ಆಗ ಗಬ್ಬ ಇತ್ತು. ಈಗ ಈದೈತೆ. ಎರಡು ಮರಿ.”

ಅವರು ಕ್ಯಾನಿನ ಮುಚ್ಚಳ ಮತ್ತೆ ಹಾಕಿದರು. “ಗಬ್ಬ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ರೀ?” ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಏನಂದ್ಕೊಂಡೆ ಗೊತ್ತಾ? ದಿನಾ ಕೊಟ್ಟು ಕೊಟ್ಟು ನಿಮಗೆ ಬೇಜಾರಾಗಿರ್ಬೇಕು, ಮುಖದ ಮೇಲೆ ಹೇಳಕ್ಕಾಗದೆ ಬತ್ತಿತು ಅಂತೀರಿ ಅಂದ್ಕೊಂಡೆ. ಮತ್ತೆ ಯಾವಾಗ ಅಂದ್ರೆ, ಹೇಳಕ್ಕಾಗಲ್ಲ ಅಂದ್ರಿ. ಇನ್ನು ಕೇಳಬಾರ್ದು ಅಂತ ಸುಮ್ನಾದೆ.”

“ದಿಷ್ಟಿ ಆಗ್ತೈತೆ ಅಂತ...”

“ಯಾರ ದಿಷ್ಟಿ? ನಂದಾ?”

ಅವರೇ ನಕ್ಕು ಒಳಗೆ ಕರೆದರು. ಅವರ ಮನೆಯವರು ಹಾಲು ಕಾಯಿಸಿ, ಆರಿಸಿ, ಪುಟ್ಟ ಲೋಟದಲ್ಲಿ ತಂದರು. ಸೊಸೆ ಮಗುವನ್ನು ಎತ್ತಿಕೊಂಡು ಬಂದಳು. ಆರು ತಿಂಗಳು ನನ್ನ ಮೇಕೆಯ ಹಾಲು ಕುಡಿದ ಮಗುವನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಒಂದು ಸ್ಪ್ಯಾನರ್ ಇತ್ತು, ಬಿಡಿಸಿಕೊಳ್ಳಲು ಯಾರಿಗೂ ಆಗಿರಲಿಲ್ಲವಂತೆ.

“ಈಗ ಪಾಕೆಟ್ ಹಾಲಿಗೆ ರೂಢಿ ಮಾಡ್ಸಿದೀವಿ,” ಎಂದರು ಮೇಸ್ತ್ರಿ, ನನ್ನ ಕಡೆ ನೋಡದೆ. “ಮೊದ್ಲು ನೀರು ಬೆರೆಸಿ ಚಮಚದಲ್ಲಿ, ಆಮೇಲೆ ಅರ್ಧ ಲೋಟ. ತಿಂಗಳು ಒದ್ದಾಡಿದ್ವಿ. ಈಗ ಹೊಟ್ಟೆ ಏನೂ ಮಾಡಲ್ಲ. ಆದ್ರೂ ನೋಡೋಣ, ಹಳೇ ರುಚಿ.”

ಮಗು ಒಂದು ಗುಟುಕು ತೆಗೆದುಕೊಂಡಿತು. ಬಾಯಲ್ಲಿಟ್ಟುಕೊಂಡು ನನ್ನ ಮುಖ ನೋಡಿತು, ಆಮೇಲೆ ತಾತನ ಮುಖ. ಆಮೇಲೆ ನಿಧಾನವಾಗಿ, ಬಹಳ ಮರ್ಯಾದೆಯಿಂದ, ನಾಲಿಗೆಯಲ್ಲಿ ಹಾಲನ್ನೆಲ್ಲ ಹೊರಗೆ ತಳ್ಳಿತು. ಗದ್ದದ ಮೇಲೆ ಇಳಿದು ಫ್ರಾಕಿನ ಮೇಲೆ ಬಿತ್ತು. ಇನ್ನೊಮ್ಮೆ ಲೋಟ ಹತ್ತಿರ ತಂದರೆ ಸ್ಪ್ಯಾನರಿನಿಂದ ದೂಡಿತು.

“ಚಿಕ್ಕದು, ಗೊತ್ತಾಗಲ್ಲ,” ಎಂದರು ಮೇಸ್ತ್ರಿಯ ಮನೆಯವರು. ಉಳಿದ ಹಾಲಿಗೆ ಚಹಾಪುಡಿ ಹಾಕಿದರು. ಎಲ್ಲರೂ ಕುಡಿದೆವು, ನಾನೂ. ಚೆನ್ನಾಗಿತ್ತು. ಕ್ಯಾನು ಅವರ ಮನೆಯದು, ಅಲ್ಲೇ ಉಳಿಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ನಾನು ಜೀವಮಾನದಲ್ಲೇ ಮೊದಲ ಸಲ, ಯೋಚನೆ ಮಾಡದೆ, ಒಂದು ಮಾತು ಹೇಳಿದೆ:

“ಮಗ್ಗ ಮತ್ತೆ ಮಿಸ್ ಹೊಡೀತೈತೆ ಮೇಸ್ತ್ರಿ. ಒಂದ್ಸಲ ಬಂದು ನೋಡ್ರಿ.”

“ವಾಷರ್ ಹಾಕಿದ್ನಲ್ಲ? ಅದು ಹೋಗಲ್ಲ.”

“ಐದನೇ ಏಟು.”

“ಬರ್ತೀನಿ, ನೋಡೋಣ. ಈ ವಾರ ಆಗಲ್ಲ, ಮಗ ಹೊಸಾ ಶೆಡ್ ಹಾಕ್ತಿದಾನೆ.”

ಮಗ್ಗ ಸರಿಯಾಗೇ ಇತ್ತು. ಮನೆಗೆ ಬಂದವನೇ, ಅವರು ಬಂದು ಕಿವಿಗೊಟ್ಟರೆ ನನ್ನ ಸುಳ್ಳು ಸಿಕ್ಕಿಬೀಳುತ್ತದೆಂದು ಹೆದರಿ, ಕಂಬದ ಕೆಳಗೆ ಕೈ ಹಾಕಿ ಬೋಲ್ಟು ಸಡಿಲಿಸಿ ವಾಷರ್ ತೆಗೆದೆ. ಅದು ನನ್ನ ಜೇಬಿನಲ್ಲಿದೆ. ನಾಲ್ಕು ಏಟು ಸರಿಯಾಗಿ ಬೀಳುತ್ತದೆ, ಐದನೆಯದು ಲೂಸು. ಮೂರು ವಾರದಿಂದ ಹಾಗೇ ನೇಯುತ್ತಿದ್ದೇನೆ. ಏಳು ಗಂಟೆಗೆ ಸ್ವಲ್ಪ ಜೋರಾಗಿ ಬಡಿಯುತ್ತೇನೆ, ಬೀದಿಗೆ ಕೇಳಲಿ ಎಂದು.

ನಿನ್ನೆ ಅಕ್ಕ ಫೋನು ಮಾಡಿದ್ದಳು.

“ಏಮ್ರಾ, ಎಲ್ಲಾ ಸುಸೂತ್ರನಾ? ಮರಿಗಳು?”

“ಕುಣೀತಾವೆ.”

“ಕೆಚ್ಚಲು? ಹಾಲು?”

“ಒಂದು ಲೀಟ್ರು ದಾಟೈತೆ.”

“ನೋಡು, ಸುಮ್ನೆ ಹೆದರ್ತಿದ್ದೆ. ನಾನು ಹೇಳ್ದಂಗೆ ನೀನು ಬಾಯಿ ಮುಚ್ಕೊಂಡಿದ್ದೆ, ಎಲ್ಲಾ ಸರಿ ಹೋಯ್ತು. ಏನೂ ತೊಂದ್ರೆ ಆಗ್ಲಿಲ್ಲ ತಾನೇ?”

“ಏನಿಲ್ಲ,” ಅಂದೆ. “ಮಗು ಹಾಲು ಉಗುಳ್ತು. ಅಷ್ಟೇ.”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

“ಯಾವ ಮಗೂರಾ?” ಅಂದಳು ಅಕ್ಕ.